ಅಜ್ಜ ಕಟ್ಟಿದ ಕಟ್ಟು

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದ ಮಹನೀಯರು ಕವಿಯ ಕಾಲ, ಮತ, ಆಶ್ರಯದಾತ, ಕೃತಿಗಳ ಸಂಖ್ಯೆ ಇವೇ ಮೊದಲಾದವನ್ನು ನಿರ್ಣಯಿಸುವುದಕ್ಕಾಗಿ ಪಟ್ಟ ಶ್ರಮವು ಅಪಾರವಾದುದು. ಆ ಶ್ರಮದ ಫಲವನ್ನುಂಡು ಬೆಳೆದವರಲ್ಲಿ ನಾನೂ ಒಬ್ಬನು. ಆದರೆ ಕವಿಯೂ ಅಲ್ಲದ, ಪಂಡಿತನೂ ಅಲ್ಲದ, ಕೇವಲ ಬರೆಯಬಲ್ಲವನಾಗಿದ್ದ ಮನುಷ್ಯನೊಬ್ಬನು ಎಲ್ಲ ಕಾಲದಲ್ಲಿಯೂ ನಮ್ಮ ನಾಡಿನಲ್ಲಿ ಇದ್ದೇ ಇದ್ದನಷ್ಟೆ. ಸಾಲದ ಪತ್ರವನ್ನು ಬರೆದುಕೊಟ್ಟವನು, ಬೀಗರಿಗೆ ಓಲೆಯನ್ನು ಕಳುಹಿದವನು, ಕಣದಲ್ಲಿ ಕುಳಿತು ಜೋಳದ ಲೆಕ್ಕವನ್ನು ಗುರುತು ಹಾಕಿಕೊಂಡವನು, ಇವನು ಬರೆಯುವುದನ್ನು ಯಾರಿಂದ ಕಲಿತನು, ಯಾವುದರ ಮೇಲೆ ಕಲಿತನು, ಮೊದಲು ಏನನ್ನು ಬರೆದನು, ಕಲಿತುದನ್ನು ಎಲ್ಲಿ ಉಪಯೋಗಿಸಿದನು ಎಂಬ ವಿಚಾರವು ನಮ್ಮ ವಿದ್ವಾಂಸರ ಗಮನಕ್ಕೆ ಬಂದುದು ವಿರಳ. ನನ್ನ ಜೀವಿತದ ಉತ್ತಮ ಭಾಗವು ಈ ಮನುಷ್ಯನನ್ನು ಅರಸುವುದರಲ್ಲಿ ಕಳೆಯಿತು. ಅರಸಿದ ನೆಲವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆ.

ಈ ಸೀಮೆಯಲ್ಲಿ ಪ್ರಾಚೀನ ಕಾಗದಗಳನ್ನು ಹುಡುಕಹೊರಟವನಿಗೆ ಮೊಟ್ಟಮೊದಲು ಬೇಕಾದುದು ಲಿಪಿಜ್ಞಾನವಲ್ಲ, ರಾಜ್ಯಾಂತರಗಳ ಜ್ಞಾನ. ಹರಪನಹಳ್ಳಿಯನ್ನೇ ತೆಗೆದುಕೊಳ್ಳೋಣ. ಕಾಲಕಾಲಕ್ಕೆ ಪ್ರಬಲರಾದವರಿಗೆ ಕಪ್ಪವನ್ನೊಪ್ಪಿಸುತ್ತ ತಮ್ಮ ಸಂಸ್ಥಾನವನ್ನು ಕಾಯ್ದುಕೊಂಡಿದ್ದ ಪಾಳೆಯಗಾರರ ಊರು ಅದು. 1800ರಲ್ಲಿ ನಿಜಾಮನು ಈ ಸೀಮೆಯನ್ನೆಲ್ಲ ಕುಂಪಣಿಗೆ ಬಿಟ್ಟುಕೊಟ್ಟ ತರುವಾಯ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯೊಳಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರವೆಂಬ ಹೊಸ ಜಿಲ್ಲೆಯ ಪಾಲಾಯಿತು. ಗುಡಿಯೂ ಕೆರೆಯೂ ಕೋಟೆಯೂ ಇದ್ದಲ್ಲಿಯೇ ಇದ್ದವು, ಕಾಗದಗಳು ಮಾತ್ರ ಅಧಿಕಾರದ ಬೆನ್ನುಹತ್ತಿ ಸಂಚರಿಸಿದವು. ಆದುದರಿಂದ ಹರಪನಹಳ್ಳಿಯ ಒಂದು ಸಂಗತಿಯನ್ನು ತಿಳಿಯಬೇಕಾದವನು, ಆ ಸಂಗತಿಯು ನಡೆದ ವರ್ಷದಲ್ಲಿ ಊರು ಯಾರ ಕೈಯಲ್ಲಿತ್ತೆಂಬುದನ್ನು ಮೊದಲು ನಿರ್ಧರಿಸಿಕೊಂಡು, ಅನಂತರ ಮದರಾಸಿನ ಎಗ್ಮೋರಿನಲ್ಲಿರುವ ದಾಖಲೆಗಳ ಭಂಡಾರಕ್ಕೆ ಹೋಗಬೇಕೋ, ಬಳ್ಳಾರಿಗೆ ಹೋಗಬೇಕೋ, ಇನ್ನೆಲ್ಲಿಗೋ ಎಂದು ನಿಶ್ಚಯಿಸಬೇಕಾಗುತ್ತದೆ. ಕೆಲವು ವೇಳೆ ಎಲ್ಲಿಗೂ ಹೋಗದೆ ಅದೇ ಊರಿನ ಒಂದು ಮನೆಯ ಅಟ್ಟವನ್ನು ಹತ್ತಿದರೆ ಸಾಕಾಗುತ್ತದೆ. ಆದರೆ ಅಟ್ಟವನ್ನು ಹತ್ತುವ ಅಧಿಕಾರವು ಸರಕಾರದ ಅಪ್ಪಣೆಯಿಂದ ದೊರೆಯುವಂಥದಲ್ಲ.

ನನ್ನ ಹುಡುಕಾಟಕ್ಕೆ ದಿಕ್ಕನ್ನು ತೋರಿದುದು ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ಒಂದು ಗ್ರಂಥ. ಹದಿನೆಂಟನೆಯ ಶತಮಾನದ ಭಾರತೀಯ ವಿದ್ಯಾಭ್ಯಾಸವನ್ನು ಕುರಿತ ಆ ಗ್ರಂಥದಲ್ಲಿ ಅವರು ಮದರಾಸಿನ ದಫ್ತರಗಳಲ್ಲಿ ಅಡಗಿದ್ದ ಕಲೆಕ್ಟರುಗಳ ವರದಿಗಳನ್ನು ಮೂಲದಲ್ಲಿದ್ದಂತೆಯೇ ಅಚ್ಚುಹಾಕಿಸಿದ್ದರು. ಈ ಭಾಗದ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನಾಗಿದ್ದ ನಾನು ಆ ಪುಸ್ತಕವನ್ನು ಎರವಲು ತಂದು ಓದುತ್ತಿರುವಾಗ ಬಳ್ಳಾರಿಯ ಕಲೆಕ್ಟರನಾದ ಎ. ಡಿ. ಕ್ಯಾಂಬೆಲ್ಲನು 1823ರ ಆಗಸ್ಟ್ 17ರಂದು ಬರೆದ ಪತ್ರವು ಎದುರಾಯಿತು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ, ತಾನೇ ಒಮ್ಮೆ ಈ ಸೀಮೆಯ ಪ್ರಧಾನ ಕಲೆಕ್ಟರನಾಗಿ ಊರೂರು ತಿರುಗಿದವನು, ಪ್ರಾಂತದ ಶಾಲೆಗಳ ಲೆಕ್ಕವನ್ನು ಒಪ್ಪಿಸಬೇಕೆಂದು 1822ರಲ್ಲಿ ಅಪ್ಪಣೆ ಮಾಡಿದ್ದನು. ಅನೇಕ ಕಲೆಕ್ಟರುಗಳು ಕೋಷ್ಟಕಗಳನ್ನು ತುಂಬಿ ಕಳುಹಿಸಿ ಕೈತೊಳೆದುಕೊಂಡರು. ತೆಲುಗಿಗೆ ವ್ಯಾಕರಣವನ್ನು ಬರೆದಿದ್ದ ಕ್ಯಾಂಬೆಲ್ಲನಾದರೋ, ಮಗುವಿನ ಕೈಯನ್ನು ಹತ್ತಿರದಿಂದ ನೋಡಿದವನಂತೆ ಬರೆದನು.

ಅವನ ಲೆಕ್ಕದಂತೆ ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಬ್ರಾಹ್ಮಣರು ಮಾತ್ರ ಅಧ್ಯಯನ ಮಾಡುತ್ತಿದ್ದ ಪಾಠಸ್ಥಾನಗಳು 23, ಇಂಗ್ಲಿಷಿನದು ಒಂದು. ಓದುವ ಮಕ್ಕಳು 6,641. ಜಿಲ್ಲೆಯ ಜನಸಂಖ್ಯೆ 9,27,857. ಈ ಅಂಕಿಗಳನ್ನು ಅನೇಕರು ಉದ್ಧರಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದುದು ಅಂಕಿಯಲ್ಲ, ಅನಂತರದ ವಿವರಣೆ. ಮಗುವು ಶಾಲೆಗೆ ಬಂದೊಡನೆ ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತದೆ; ಕೈ ಪಳಗಿದ ಮೇಲೆ ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದಲೋ, ಹಲಗೆಯ ಮೇಲೆಯೋ, ಕಡತದ ಮೇಲೆಯೋ ಬರೆಯುತ್ತದೆ; ಈ ಜಿಲ್ಲೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದುವು ಕಡೆಯ ಎರಡು. ಹಲಗೆಯೆಂದರೆ ಸುಮಾರು ಒಂದಡಿ ಅಗಲ ಮೂರಡಿ ಉದ್ದದ ಮರ; ಅದನ್ನು ನಯಗೊಳಿಸಿ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿಯಲ್ಲಿ ಅದ್ದಿ ಬಿರುಸುಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಕೆಮಡಿಕೆಯಾಗಿ ಮಡಿಸಿ, ಇದ್ದಿಲು ಅಂಟುಗಳ ಲೇಪವನ್ನು ಕೊಟ್ಟದ್ದು. ಎರಡರ ಮೇಲೆಯೂ ಬಳಪದಿಂದ ಬರೆದು ಒದ್ದೆ ಬಟ್ಟೆಯಿಂದ ಒರೆಸಬಹುದು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದೇಟು, ಮುಂದೆ ಬಂದವರಿಗೆ ಒಂದೊಂದು ಹೆಚ್ಚು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಅವನು ಮನಸಾರೆ ಹೊಗಳಿ, ಇಂಗ್ಲೆಂಡಿನಲ್ಲಿ ಇದನ್ನು ಅನುಕರಿಸಿರುವುದು ಯೋಗ್ಯವೇ ಆಗಿದೆ ಎಂದನು. ಮದರಾಸಿನ ಅನಾಥಾಲಯದಲ್ಲಿ ಈ ಕ್ರಮವನ್ನು ನಡೆಯಿಸಿ ನೋಡಿ ತನ್ನ ದೇಶಕ್ಕೆ ಒಯ್ದವನು ಆಂಡ್ರೂ ಬೆಲ್ ಎಂಬ ಪಾದ್ರಿ.

ಓದಿಸುತ್ತಿದ್ದ ಗ್ರಂಥಗಳ ಪಟ್ಟಿಯೊಂದು ಆ ಪತ್ರದಲ್ಲಿದೆ. ಇಂಗ್ಲಿಷು ಗುಮಾಸ್ತನ ಕಾಗುಣಿತದಲ್ಲಿ ಹೆಸರುಗಳು ಗುರುತು ಸಿಕ್ಕದಷ್ಟು ವಿಕಾರಗೊಂಡಿದ್ದರೂ, ಕಿವಿಯಿಂದ ಓದುತ್ತ ಹೋದರೆ ಒಂದೊಂದಾಗಿ ಮುಖವನ್ನು ತೋರಿಸುತ್ತವೆ: ಬಸವಪುರಾಣ, ಚೆನ್ನಬಸವಪುರಾಣ, ಗಿರಿಜಾಕಲ್ಯಾಣ, ರಾಘವಾಂಕನ ಕಾವ್ಯ, ಪಂಚತಂತ್ರ, ಶಬ್ದಮಣಿದರ್ಪಣ. ಹಂಪೆಯ ಹರಿಹರ ರಾಘವಾಂಕರು ತಮ್ಮ ಊರಿಗೆ ಸಮೀಪವಾದ ಹಳ್ಳಿಗಳ ಜಗಲಿಗಳಲ್ಲಿ ಆರೇಳು ನೂರು ವರ್ಷಗಳಾದ ಮೇಲೆಯೂ ಮಕ್ಕಳ ಬಾಯಲ್ಲಿದ್ದರೆಂಬುದನ್ನು ನಾನು ತಿಳಿದುದು ಒಬ್ಬ ಕಲೆಕ್ಟರನ ಪತ್ರದಿಂದ! ಆ ದಿನ ನನಗಾದ ಹರ್ಷವನ್ನು ಇಂದಿಗೂ ಮರೆಯಲಾರೆ. ಹಳೆಯ ಕಾವ್ಯಭಾಷೆಯನ್ನು ಮಕ್ಕಳು ಅರ್ಥವರಿಯದೆ ಬಾಯಿಪಾಠ ಮಾಡುತ್ತಾರೆಂದು ಕ್ಯಾಂಬೆಲ್ಲನು ಆಕ್ಷೇಪಿಸಿದನು. ಆಕ್ಷೇಪಣೆಯು ನಿರಾಧಾರವಾದುದೆಂದು ನಾನು ಹೇಳಲಾರೆ. ಆದರೆ ಅದೇ ಪತ್ರದಲ್ಲಿ ಇನ್ನೊಂದು ವಾಕ್ಯವಿತ್ತು. ಉಪಾಧ್ಯಾಯನು ಅಲ್ಲಲ್ಲಿಂದ ಸಂಗ್ರಹಿಸಿಟ್ಟುಕೊಂಡ ನಾನಾ ಜನರ ಕೈಬರಹದ ಕಾಗದಗಳನ್ನು ಬಿಡಿಸಿ ಓದುವುದು, ಸಾಮಾನ್ಯ ಪತ್ರಗಳನ್ನೂ ಕರಾರುಪತ್ರಗಳನ್ನೂ ಬರೆಯುವುದು, ಇವೂ ಪಾಠದ ಭಾಗಗಳಾಗಿದ್ದುವೆಂದು ಅವನು ಹೇಳಿದ್ದನು. ಮೊದಲ ಓದಿನಲ್ಲಿ ಇದರ ಬೆಲೆಯು ನನಗೆ ಪೂರ್ಣವಾಗಿ ಗೋಚರವಾಗಲಿಲ್ಲ. ಗೋಚರವಾದುದು ಕೊಟ್ಟೂರಿನ ಸಮೀಪದ ಒಂದು ಹಳ್ಳಿಯಲ್ಲಿ.

ಆ ಹಳ್ಳಿಯಲ್ಲಿ ಐಗಳ ಮನೆತನವೊಂದಿತ್ತು. ಆಗಿನ ಯಜಮಾನರ ಅಜ್ಜನವರು ಮಠದ ಪಡಸಾಲೆಯಲ್ಲಿ ಸಾಲೆಯನ್ನು ನಡೆಯಿಸುತ್ತಿದ್ದರೆಂದು ಊರಿನವರಿಗೆ ನೆನಪಿತ್ತು. ನಾನು ಅನೇಕ ಸಲ ಹೋಗಿ, ಅವರ ಹೊಲದ ಮಾತನ್ನೂ ಮಳೆಯ ಮಾತನ್ನೂ ಆಡಿ, ಶಿವರಾತ್ರಿಯ ಪ್ರಸಾದವನ್ನುಂಡು, ಮನೆಯವರಿಗೆ ಪರಿಚಿತನಾದ ಮೇಲೆ ಯಜಮಾನರು ಒಂದು ದಿನ ಅಟ್ಟದಿಂದ ಕೆಂಪು ಬಟ್ಟೆಯ ಕಟ್ಟೊಂದನ್ನು ಇಳಿಸಿದರು. ಒಳಗೆ ಎರಡು ಕಡತಗಳು, ಒಂದಿಷ್ಟು ಓಲೆಗರಿ, ಮತ್ತು ದಾರದಿಂದ ಪೋಣಿಸಿದ ಕಾಗದಗಳ ಒಂದು ಸರ. ಕಾಗದಗಳನ್ನು ಓದುತ್ತ ಹೋದಂತೆ ನನಗೆ ವಿಸ್ಮಯವು ಹೆಚ್ಚಿತು. ಯಾವುದೂ ಆ ಮನೆಗೆ ಸಂಬಂಧಿಸಿದುದಾಗಿರಲಿಲ್ಲ. ಹರಪನಹಳ್ಳಿಯ ಜವಳಿ ವರ್ತಕನೊಬ್ಬನು ಬಾಕಿಯನ್ನು ಕೇಳಿ ಬರೆದ ಪತ್ರ, ಕಳೆದುಹೋದ ಎತ್ತನ್ನು ಕುರಿತು ಕೂಡ್ಲಿಗಿಯ ತಹಶೀಲ್ದಾರನಿಗೆ ಕೊಡಬೇಕಾಗಿದ್ದ ಅರ್ಜಿಯ ನಕಲು, ಹಡಗಲಿಯ ಕಡೆಯ ಮದುವೆಯ ಕರೆಯೋಲೆ, ಹೊಲದ ಭೋಗ್ಯದ ಪತ್ರ, ಕೊನೆಕೊನೆಗೆ ಮೋಡಿ ಲಿಪಿಯಲ್ಲಿ ಬರೆದ ಮರಾಠಿ ಚೀಟಿಗಳು. ಊರು ಬೇರೆ, ಜನ ಬೇರೆ, ವ್ಯವಹಾರ ಬೇರೆ. ಪರಸ್ಪರ ಪರಿಚಯವೇ ಇಲ್ಲದ ಇಷ್ಟು ಜನರ ಕಾಗದಗಳು ಒಂದೇ ದಾರದಲ್ಲಿ ಸೇರಲು ಕಾರಣವೇನು?

ವಿದ್ಯಾವಂತರ ಸಹಜ ಪ್ರವೃತ್ತಿಯೆಂದರೆ ಇಂಥ ರಾಶಿಯನ್ನು ಕಂಡೊಡನೆ ವರ್ಗೀಕರಿಸುವುದು. ಅರ್ಜಿಗಳನ್ನು ಒಂದೆಡೆ, ಪತ್ರಗಳನ್ನು ಒಂದೆಡೆ, ಅವುಗಳನ್ನು ಮತ್ತೆ ಕಾಲಕ್ರಮದಲ್ಲಿ ಇಡುವುದು. ಅದಕ್ಕೆ ಅನುಮತಿಯನ್ನು ಕೇಳುವಷ್ಟರಲ್ಲಿಯೇ ಯಜಮಾನರು ದಾರದ ಗಂಟಿನ ಮೇಲೆ ಕೈಯಿಟ್ಟರು.

"ಬಿಚ್ಚಿ ಕಲಸಬ್ಯಾಡ್ರಿ ಮೇಷ್ಟ್ರೇ. ನಮ್ಮಜ್ಜ ಹೆಂಗ ಕಟ್ಯಾನೋ ಹಂಗ ಇರ್ಲಿ. ಬೇಕಾದ್ರ ಕುಂತು ಬರಕೊಳ್ರಿ."

ಹೀಗಾಗಿ ನಾನು ದಾರವನ್ನು ಬಿಚ್ಚದೆ, ಮೇಲಿನಿಂದ ಕೆಳಕ್ಕೆ ಒಂದೊಂದನ್ನು ತಿರುವುತ್ತ, ಇದ್ದ ಕ್ರಮದಲ್ಲಿಯೇ ನಕಲು ಮಾಡಿಕೊಂಡೆನು. ಆ ಕ್ರಮವು ಕಾಲಾನುಸಾರಿಯಲ್ಲವೆಂಬುದು ಬೇಗನೆ ಸ್ಪಷ್ಟವಾಯಿತು, ವಿಷಯಾನುಸಾರಿಯೂ ಅಲ್ಲ. ಮೇಲ್ಭಾಗದ ಕಾಗದಗಳಲ್ಲಿ ಅಕ್ಷರಗಳು ಬಿಡಿಬಿಡಿಯಾಗಿ ಗುಂಡಗೆ ಇದ್ದವು. ನಡುವೆ ಬಂದಂತೆ ಅಕ್ಷರಗಳು ಒಂದಕ್ಕೊಂದು ತಾಗಿ, ತಲೆಕಟ್ಟು ಲುಪ್ತವಾಗಿ, ಒತ್ತುಗಳು ಬಾಲದಂತೆ ಎಳೆದುಕೊಂಡು ಹೋಗಿದ್ದುವು. ಇನ್ನೂ ಕೆಳಗೆ ಶಾನುಭೋಗರ ವೇಗದ ಬರಹ. ಎಲ್ಲಕ್ಕೂ ಅಡಿಯಲ್ಲಿ ಮೋಡಿ. ಸುಲಭದಿಂದ ಕಠಿನಕ್ಕೆ ಇಳಿಯುವ ಮೆಟ್ಟಿಲಿನಂತೆ ಯಾರೋ ತಿಳಿದವರು ಯೋಚಿಸಿ ಜೋಡಿಸಿದ ಕ್ರಮವದು. ರಾತ್ರಿ ಊರಿಗೆ ಮರಳುವ ಬಸ್ಸಿನಲ್ಲಿ ಕ್ಯಾಂಬೆಲ್ಲನ ವಾಕ್ಯವು ನೆನಪಿಗೆ ಬಂದಿತು. ಉಪಾಧ್ಯಾಯನು ಅಲ್ಲಲ್ಲಿಂದ ಸಂಗ್ರಹಿಸಿದ, ನಾನಾ ಕೈಬರಹದ ಕಾಗದಗಳು! ನಾನು ಆ ದಿನವೆಲ್ಲ ಮುಂದಿಟ್ಟುಕೊಂಡಿದ್ದುದು ಒಂದು ಪಠ್ಯಪುಸ್ತಕ. ಅಜ್ಜನವರು ತಮ್ಮ ಶಿಷ್ಯರಿಗೆ ಲೋಕದ ಕೈಬರಹಗಳನ್ನು ಓದಲು ಕಲಿಸುವುದಕ್ಕಾಗಿ ಉಪಯೋಗ ತೀರಿದ ಕಾಗದಗಳನ್ನು ಬೇಡಿ ತಂದು ಪೋಣಿಸಿದ್ದರು. 1823ರ ವರದಿಯ ಒಂದು ವಾಕ್ಯವು, ಅದು ಬರೆಯಲ್ಪಟ್ಟು ಎಷ್ಟೋ ದಶಕಗಳಾದ ಮೇಲೆ, ಅದೇ ಜಿಲ್ಲೆಯ ಒಂದು ಅಟ್ಟದಲ್ಲಿ ತನ್ನ ಸಾಕ್ಷಿಯನ್ನು ಪಡೆಯಿತು. ದಾರವನ್ನು ಬಿಚ್ಚಿ ವರ್ಗೀಕರಿಸಿದ್ದರೆ ಉಳಿಯುತ್ತಿದ್ದುದು ಬೆಲೆಯಿಲ್ಲದ ಕೆಲವು ಚೀಟಿಗಳು. ಸಾಕ್ಷಿಯು ಕಾಗದದಲ್ಲಿರದೆ ಕಾಗದಗಳ ಅನುಕ್ರಮದಲ್ಲಿತ್ತು.

ದಫ್ತರಖಾನೆಗಳ ಶಾಸ್ತ್ರವನ್ನು ಬಲ್ಲವರು, ಯಾವ ಕಟ್ಟನ್ನಾಗಲಿ ಅದು ಹುಟ್ಟಿದ ಕ್ರಮದಲ್ಲಿಯೇ ರಕ್ಷಿಸಬೇಕೆಂದು ನಿಯಮ ಮಾಡಿದ್ದಾರೆ. ನಾನು ಅದನ್ನು ಗ್ರಂಥಗಳಲ್ಲಿ ಓದಿದೆನಾದರೂ, ಅದರ ತಾತ್ಪರ್ಯವನ್ನು ಬೋಧಿಸಿದವರು ಆ ಯಜಮಾನರು. ಇನ್ನೂ ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಹಳೆಯ ಕೈಬರಹವನ್ನು ಬಿಡಿಸಿ ಓದುವುದು ಇಂದು ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧಕರಿಗೆ ವಿಶೇಷವಾಗಿ ಕಲಿಸಬೇಕಾದ ವಿದ್ಯೆ; ನಮ್ಮ ಹಳ್ಳಿಯ ಜಗಲಿಯ ಮೇಲೆ ಅದು ಹನ್ನೆರಡು ವರ್ಷದ ಹುಡುಗನ ನಿತ್ಯಪಾಠವಾಗಿತ್ತು. ಬರೆಯುವುದೆಂದರೆ ತನ್ನ ಅಕ್ಷರವನ್ನು ರೂಪಿಸುವುದಷ್ಟೇ ಅಲ್ಲ, ಪರರ ಅಕ್ಷರಕ್ಕೆ ಹೊಂದಿಕೊಳ್ಳುವುದೂ ಹೌದೆಂದು ತಿಳಿದಿದ್ದ ಆ ಉಪಾಧ್ಯಾಯರುಗಳ ಬಗ್ಗೆ ನನಗಿರುವ ಗೌರವವು ದಿನಗಳೆದಂತೆ ಹೆಚ್ಚುತ್ತಿದೆ.

ಆ ಕಾಗದಗಳ ಕಾಲನಿರ್ಣಯವು ಬೇರೊಂದು ಸಾಹಸವಾಯಿತು. ಒಂದು ಪತ್ರದಲ್ಲಿ ಈಶ್ವರ ಸಂವತ್ಸರವೆಂದು ಮಾತ್ರ ಇತ್ತು. ಸಂವತ್ಸರಗಳು ಅರುವತ್ತು ವರ್ಷಗಳಿಗೊಮ್ಮೆ ಮರಳುವುದರಿಂದ ಅದು 1817ರದೂ ಆಗಬಹುದು, 1877ರದೂ ಆಗಬಹುದು. ಕಾಗದವನ್ನು ಬೆಳಕಿಗೆ ಹಿಡಿದಾಗ ಇಂಗ್ಲಿಷು ಕಾರ್ಖಾನೆಯ ನೀರಚ್ಚು ಕಾಣಿಸಿತು. ಒಕ್ಕಣೆಯಲ್ಲಿ ಗಂಜಿಯ ಮನೆಯ ಪ್ರಸ್ತಾಪವೂ, ದನಗಳನ್ನು ಮಾರಿದ ಮಾತೂ ಇದ್ದುವು. ಧಾತು ಈಶ್ವರ ಸಂವತ್ಸರಗಳ ಆ ಘೋರ ಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಎಷ್ಟು ಕ್ರೂರವಾಗಿ ಬಡಿಯಿತೆಂಬುದು ಚರಿತ್ರೆಯನ್ನೋದಿದವರಿಗೆಲ್ಲ ತಿಳಿದಿದೆ. ಮನೆಗೆ ಮನೆಯೇ ಬರಿದಾದ ಆ ವರ್ಷದಲ್ಲಿ ಬರೆದ ಸಂಕಟದ ಪತ್ರವೊಂದು, ಮುಂದೆ ಮಕ್ಕಳಿಗೆ ಅಕ್ಷರವನ್ನು ಬಿಡಿಸುವ ಪಾಠವಾಗಿ ಉಳಿದು ನಮ್ಮ ಕೈಸೇರಿದುದನ್ನು ನೆನೆದಾಗ ನನಗೆ ಕಣ್ಣು ತುಂಬಿ ಬರುತ್ತದೆ.

ಇನ್ನು ಅದೇ ಕಟ್ಟಿನ ಕಡತಗಳ ವಿಷಯ. ಹುಣಸೆಬೀಜದ ಅಂಟು, ಇದ್ದಿಲು, ಬಟ್ಟೆ, ಇಷ್ಟೇ ಅದರ ಬಂಡವಾಳ. ಒರೆಸಿ ಮತ್ತೆ ಬರೆಯುವುದಕ್ಕೆಂದೇ ಹುಟ್ಟಿದ ವಸ್ತುವಾದುದರಿಂದ ಅದರಲ್ಲಿ ಉಳಿದಿರುವುದು ಕಡೆಯ ಬಾರಿ ಬರೆದು ಒರೆಸದೆ ಬಿಟ್ಟದ್ದು ಮಾತ್ರ. ಆದರೂ ಸಂಜೆಯ ಓರೆಬಿಸಿಲಿನಲ್ಲಿ ಬಾಗಿಲ ಬಳಿ ಹಿಡಿದು ನೋಡಿದಾಗ ಬಳಪದ ಬಿಳಿಯ ಗೆರೆಗಳ ಕೆಳಗೆ ಹಿಂದಿನ ಗೆರೆಗಳ ತಗ್ಗುಗಳು ಮಸುಕಾಗಿ ಕಾಣಿಸಿದವು. ಒಂದು ಮಗ್ಗುಲಿನಲ್ಲಿ ಜೋಳ, ಸಜ್ಜೆ, ಹುರುಳಿಗಳ ಖಂಡುಗ ಕೊಳಗಗಳ ಲೆಕ್ಕ. ಮಗ್ಗುಲು ತಿರುವಿದರೆ ಕಾಗುಣಿತ, ಅದೂ ಒಂದೇ ಅಕ್ಷರವನ್ನು ದೊಡ್ಡ ಕೈಯೊಂದು ಬರೆದು ತೋರಿಸಿ, ಸಣ್ಣ ಕೈಯೊಂದು ಕೆಳಗೆ ತಿದ್ದಿದ್ದು. ಉಪಾಧ್ಯಾಯನ ಮನೆಯ ಲೆಕ್ಕವೂ ಶಿಷ್ಯನ ಅಭ್ಯಾಸವೂ ಒಂದೇ ಬಟ್ಟೆಯನ್ನು ಹಂಚಿಕೊಂಡಿದ್ದುವು. ಸಾವಿರಾರು ಮಕ್ಕಳ ದಿನನಿತ್ಯದ ಬರಹವು ಹೀಗೆ ಒದ್ದೆ ಬಟ್ಟೆಯಿಂದ ಒರೆಸಲ್ಪಟ್ಟು ಹೋಗಿದೆ. ಮರಳಿನ ಮೇಲೆ ಬರೆದುದಂತೂ ಆ ಗಳಿಗೆಯಲ್ಲಿಯೇ ಹೋಯಿತು. ಬರಹದ ಚರಿತ್ರೆಯನ್ನು ಶೋಧಿಸುವವನು ಉಳಿದುದನ್ನು ನೋಡಿ ತೃಪ್ತನಾಗದೆ, ಉಳಿಯದಂತೆ ಉದ್ದೇಶಪಟ್ಟು ಬರೆದುದು ಎಷ್ಟಿತ್ತೆಂಬುದನ್ನು ಸದಾ ಗಣನೆಯಲ್ಲಿಟ್ಟುಕೊಳ್ಳಬೇಕಾಗುತ್ತದೆ. ಬರಹವು ವಿರಳವೆಂದೂ, ಬರಹದ ಅವಶೇಷವು ವಿರಳವೆಂದೂ ಹೇಳುವ ಎರಡು ಮಾತುಗಳು ಒಂದೇ ಅಲ್ಲ.

ಕ್ಯಾಂಬೆಲ್ಲನ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಈ ಅರುವತ್ತು ಎಂಬ ಸಂಖ್ಯೆಯನ್ನು ನಾನು ಬಹುಕಾಲ ಯೋಚಿಸಿದ್ದೇನೆ. ಕೋಷ್ಟಕದಲ್ಲಿ ಶಾಲೆಗೆ ಒಂದು ಮನೆಯಿತ್ತು, ಜಾತಿಗೆ ಒಂದು ಮನೆಯಿತ್ತು, ಅಡುಗೆಮನೆಗೆ ಮನೆಯಿರಲಿಲ್ಲ. ಮನೆಯಲ್ಲಿಯೇ ಕಲಿಯುವವರ ಲೆಕ್ಕವನ್ನು ಮದರಾಸು ನಗರದ ಕಲೆಕ್ಟರನು ಕೊಟ್ಟಂತೆ ಬಳ್ಳಾರಿಯವನು ಕೊಡಲಿಲ್ಲ. ಮನೆಯ ಕಲಿಕೆಯನ್ನು ಸೇರಿಸಿದರೆ ಪ್ರಾಂತದ ಗಂಡುಮಕ್ಕಳಲ್ಲಿ ಅಕ್ಷರ ಕಲಿಯುವವರು ಮೂರರಲ್ಲಿ ಒಂದು ಪಾಲಿಗೆ ಸಮೀಪವಾಗಬಹುದೆಂದು ಮನ್ರೋನೇ 1826ರಲ್ಲಿ ಅಂದಾಜು ಮಾಡಿದನಾದರೂ, ಹೆಣ್ಣುಮಕ್ಕಳ ಕುರಿತು ಆ ಬಗೆಯ ಅಂದಾಜನ್ನು ಮಾಡಲಿಲ್ಲ. ಈ ಶೂನ್ಯವನ್ನು ತುಂಬಲು ಕಾಗದಗಳಿಂದ ಸಾಧ್ಯವಾಗದೆ ನಾನು ವೃದ್ಧೆಯರ ಬಳಿಗೆ ಹೋದೆನು.

ಹಗರಿಬೊಮ್ಮನಹಳ್ಳಿಯ ಸೀಮೆಯಲ್ಲಿ, ತುಂಗಭದ್ರೆಯ ಜಲಾಶಯವು ತುಂಬಿದಾಗ ಮುಳುಗಿದ ಊರೊಂದರಿಂದ ಎದ್ದುಬಂದ ಮನೆತನದ ಒಬ್ಬ ಅಜ್ಜಿಯು, ತಾನು ಅಕ್ಷರ ಕಲಿತ ಬಗೆಯನ್ನು ಹೇಳಿದಳು. ಅಣ್ಣನು ಸಾಲೆಯಿಂದ ಬಂದು ಹಲಗೆಯ ಮೇಲೆ ಬರೆಯುತ್ತಿದ್ದುದನ್ನು ನೋಡಿ, ಅವಳು ಒಲೆಯ ಮುಂದೆ ಬೂದಿಯನ್ನು ಹರವಿ ಬೆರಳಿನಿಂದ ತಿದ್ದುತ್ತಿದ್ದಳಂತೆ.

"ಅವ್ವ ಬಂದ್ರ ಅಂಗೈಲೆ ಸವರಿಬಿಡ್ತಿದ್ನಪ್ಪಾ. ಬೂದಿ ಏನ್ ಕೇಳ್ತೈತಿ, ಬರದ್ರೂ ಸುಮ್ನ, ಸವರಿದ್ರೂ ಸುಮ್ನ."

ಊರನ್ನು ಬಿಡುವಾಗ ಏನೇನನ್ನು ತಂದಿರೆಂದು ಕೇಳಿದೆನು. ದೇವರ ಜಗಲಿಯ ಕಲ್ಲನ್ನೂ, ಬಾಗಿಲುಗಳನ್ನೂ, ಕಾಳಿನ ಚೀಲಗಳನ್ನೂ, ಹೊಲದ ಪತ್ರಗಳನ್ನೂ ತಂದರು. ಉಳಿದ ಹಳೆಯ ಕಾಗದದ ಗಂಟನ್ನು ಅವಳ ಮಾವನವರು ಹೊಳೆಗೆ ಬಿಟ್ಟರು. ಪರಿಹಾರದ ದುಡ್ಡಿಗೆ ಬೇಕಾದ ಕಾಗದವು ಉಳಿಯಿತು, ಬೇಡವಾದುದು ಹೋಯಿತು. ಸರಕಾರವು ಯಾವ ಪ್ರಶ್ನೆಯನ್ನು ಕೇಳಿತೋ ಆ ಪ್ರಶ್ನೆಗೆ ಉತ್ತರವಾಗುವ ಬರಹವು ಮನೆಗಳಲ್ಲಿಯೂ ಉಳಿಯುತ್ತದೆಂಬ ಈ ಸಂಗತಿಯನ್ನು ಗಮನಿಸಿದ ಬಳಿಕ, ಯಾವ ದಾಖಲೆಯನ್ನು ಕೈಗೆತ್ತಿಕೊಂಡರೂ, ಇದನ್ನು ಬರೆಯಿಸಿದ ಪ್ರಶ್ನೆ ಯಾವುದು, ಇದನ್ನು ಉಳಿಸಿದ ಪ್ರಯೋಜನ ಯಾವುದು ಎಂದು ವಿಚಾರಿಸುವುದು ನನಗೆ ಅಭ್ಯಾಸವಾಯಿತು.

ಕೂಡ್ಲಿಗಿಯಲ್ಲಿ ಮಹಾತ್ಮರ ಚಿತಾಭಸ್ಮವನ್ನಿರಿಸಿದ ಸ್ಮಾರಕವಿದೆ. ಆ ದಾರಿಯಲ್ಲಿ ಹಾದುಹೋಗುವಾಗಲೆಲ್ಲ ಅವರು 1931ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ಆಡಿದ ಮಾತು ನನ್ನ ಮನಸ್ಸಿನಲ್ಲಿ ಸುಳಿಯುತ್ತದೆ. ಐವತ್ತು ನೂರು ವರ್ಷಗಳ ಹಿಂದಿದ್ದುದಕ್ಕಿಂತ ಭಾರತವು ಇಂದು ಹೆಚ್ಚು ನಿರಕ್ಷರವಾಗಿದೆಯೆಂದೂ, ಇಲ್ಲಿಯ ವಿದ್ಯೆಯ ಸುಂದರ ವೃಕ್ಷವು ಬೇರು ಕೆದಕಲ್ಪಟ್ಟು ನಾಶವಾಯಿತೆಂದೂ ಅವರು ಹೇಳಿದರು. ಇಂಗ್ಲೆಂಡಿನ ಶಿಕ್ಷಣತಜ್ಞ ಸರ್ ಫಿಲಿಪ್ ಹಾರ್ಟಾಗ್ ಆಧಾರವನ್ನು ಕೇಳಿದನು. ಪತ್ರವ್ಯವಹಾರವು ವರ್ಷಗಳವರೆಗೆ ನಡೆಯಿತು. 1939ರಲ್ಲಿ ಹಾರ್ಟಾಗನು ತನ್ನ ಖಂಡನೆಯನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಧರ್ಮಪಾಲರ ಗ್ರಂಥವು ಗಾಂಧೀಜಿಯವರ ಆ ಮಾತನ್ನೇ ಹೆಸರಾಗಿಟ್ಟುಕೊಂಡು ಹೊರಟಿತು. ಈ ವಾದದಲ್ಲಿ ಬಳ್ಳಾರಿಯ ಅಂಕಿಗಳೂ ಬಳಕೆಯಾದವು. ಜಿಲ್ಲೆಯ ಸಾವಿರ ಜನರಲ್ಲಿ ಓದುವ ಮಕ್ಕಳು ಏಳು ಎಂದರೆ ಅಲ್ಪವೇ ಅಧಿಕವೇ ಎಂಬುದೂ ಚರ್ಚೆಯ ಒಂದು ಭಾಗವಾಯಿತು. ನನ್ನ ಮಟ್ಟಿಗೆ ಗಾಂಧೀಜಿಯವರ ಮಾತಿನ ತಿರುಳು ಸತ್ಯವಾದುದೆಂದು ತೋರುತ್ತದೆ, ಏಕೆಂದರೆ ಕ್ಯಾಂಬೆಲ್ಲನೇ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲವೆಂದೂ, ವಿಲಾಯತಿಯ ಅರಳೆಬಟ್ಟೆಯಿಂದ ನೇಯುವವರ ಜೀವನವು ಕೆಟ್ಟುದೂ ಜನರ ಬಡತನವೂ ಇದಕ್ಕೆ ಕಾರಣಗಳೆಂದೂ, 533ರಲ್ಲಿ ಒಂದಕ್ಕಾದರೂ ಸರಕಾರದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದೂ ಬರೆದಿದ್ದಾನೆ. ಒಬ್ಬ ಅಧಿಕಾರಿಯು ತನ್ನ ಮೇಲಿನವರಿಗೆ ನಾಚಿಕೆಯೆಂದು ಬರೆಯಬೇಕಾದರೆ ಕಂಡುದು ಸಾಮಾನ್ಯವಾಗಿರಲಾರದು. ಆದರೆ ಎಷ್ಟು ಮಕ್ಕಳು ಎಂದು ವಾದಿಸಿದವರಲ್ಲಿ, ಆ ಮಕ್ಕಳು ಏನನ್ನು ಬರೆಯುತ್ತಿದ್ದರೆಂದು ಕೇಳಿದವರು ಎಷ್ಟು ಮಂದಿ? ಹಲಗೆಯ ಅಳತೆ, ಕಡತದ ಲೇಪ, ಸಂಗ್ರಹಿಸಿದ ಪತ್ರಗಳು, ಇವೆಲ್ಲ ಅದೇ ಪತ್ರದಲ್ಲಿದ್ದರೂ ವಾದಕ್ಕೆ ಉಪಯೋಗವಿಲ್ಲದ ಕಾರಣ ಹಿಂದುಳಿದವು.

ಶಾಲೆಯ ಚರಿತ್ರೆಯನ್ನರಸಿ ಹೊರಟವನು ಶಾಸನಗಳ ಬಳಿಗೂ ಹೋಗಲೇಬೇಕಾಯಿತು. ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ, ಅಂಬಳಿಯ ಕಲ್ಲೇಶ್ವರ ಮೊದಲಾದ ಗುಡಿಗಳ ಪ್ರಾಕಾರಗಳಲ್ಲಿ, ಮದರಾಸು ಆಧಿಪತ್ಯದ ಕನ್ನಡ ಶಾಸನಗಳನ್ನೊಳಗೊಂಡ 1939ರ ಸಂಪುಟವನ್ನು ಕಂಕುಳಲ್ಲಿಟ್ಟುಕೊಂಡು ನಾನು ಅಲೆದಿದ್ದೇನೆ. ರಾಜರ ಬಿರುದಾವಳಿಗಳನ್ನು ದಾಟಿ, ದಾನದ ವಿವರಗಳನ್ನು ದಾಟಿ, ನಾನು ಹುಡುಕುತ್ತಿದ್ದುದು ಬರೆದವನ ಹೆಸರಿರುವ ಕಡೆಯ ಪಂಕ್ತಿಗಳನ್ನು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯೊಡನೆ ವಡ್ಡಾರಾಧನೆಯ ಕರ್ತೃವಿನ ಹೆಸರನ್ನು ಕೆಲವರು ವಿದ್ವಾಂಸರು ಜೋಡಿಸುತ್ತಾರೆ; ಕನ್ನಡದ ಪ್ರಾಚೀನ ಗದ್ಯವು ನಮ್ಮ ಸೀಮೆಯಲ್ಲಿ ಹುಟ್ಟಿತೆಂದರೆ ನನಗೆ ಅಭಿಮಾನವೇ. ಆದರೂ ಈ ನೆಲದ ಬರಹಗಾರರಲ್ಲೆಲ್ಲ ನನಗೆ ಆಪ್ತನಾದವನು ಹಿರೇಹಡಗಲಿಯ ತಾಮ್ರಪಟಗಳ ಲೇಖಕ. ಪಲ್ಲವರ ಶಿವಸ್ಕಂದವರ್ಮನು ತನ್ನ ಆಳ್ವಿಕೆಯ ಎಂಟನೆಯ ವರ್ಷದಲ್ಲಿ ಕಾಂಚೀಪುರದಿಂದ ಹೊರಡಿಸಿದ, ಪ್ರಾಕೃತದಲ್ಲಿರುವ ಈ ಎಂಟು ಪಟಗಳ ಶಾಸನವನ್ನು ಬ್ಯೂಲರ್ ಪಂಡಿತನು ಎಪಿಗ್ರಾಫಿಯಾ ಇಂಡಿಕಾದ ಮೊದಲನೆಯ ಸಂಪುಟದಲ್ಲಿ ಸಂಪಾದಿಸಿದನು. ಅದರ ಕೊನೆಯಲ್ಲಿ ಭಟ್ಟಿಶರ್ಮನೆಂಬ ರಾಜರಹಸ್ಯಾಧಿಕಾರಿಯು ಇದನ್ನು ಸ್ವಹಸ್ತದಿಂದ ಬರೆದೆನೆಂದು ತಿಳಿಸುತ್ತಾನೆ. ಅನಂತರ ಗೋಬ್ರಾಹ್ಮಣರೊಂದಿಗೆ ಬರೆದವನಿಗೂ, ಓದುವವನಿಗೂ, ಕೇಳುವವರಿಗೂ ಶುಭವನ್ನು ಹಾರೈಸಲಾಗಿದೆ. ಸಾವಿರದ ಆರುನೂರು ವರ್ಷಗಳಿಗೂ ಹಿಂದೆಯೇ, ಒಂದು ಬರಹವು ಪೂರ್ಣವಾಗಬೇಕಾದರೆ ಮೂವರು ಬೇಕೆಂದು ಅರಿತು ಮೂವರನ್ನೂ ಒಂದೇ ಸಾಲಿನಲ್ಲಿ ಹರಸಿದ ಈ ಬುದ್ಧಿಯು ನನ್ನನ್ನು ಸೋಜಿಗಗೊಳಿಸುತ್ತದೆ.

ಕೇಳುವವರನ್ನು ನಾನು ಬಹುಕಾಲ ನನ್ನ ಶೋಧನೆಯ ಹೊರಗೆ ಇಟ್ಟಿದ್ದೆನು, ಅವರಿಗೆ ಕಾಗದವಿಲ್ಲವೆಂಬ ಕಾರಣದಿಂದ. ಈಗ ನಿವೃತ್ತನಾದ ಮೇಲೆ ಕೆಲವರು ತರುಣ ಅಧ್ಯಾಪಕರೊಡನೆ ಆ ಭಾಗಕ್ಕೆ ಕೈಹಾಕಿದ್ದೇನೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ, "ಸದ್ದಲೇ" ಎಂದು ಕೂಗಿ ಲಕ್ಷೋಪಲಕ್ಷ ಜನರನ್ನು ಮೌನಗೊಳಿಸಿ, ಒಂದೇ ಒಂದು ಮಾತನ್ನು ನುಡಿದು ಕೆಳಕ್ಕೆ ಬೀಳುತ್ತಾನಷ್ಟೆ. ಕಾರ್ಣಿಕವೆಂಬ ಆ ಭವಿಷ್ಯನುಡಿಯು ಈ ಸೀಮೆಯ ಅತ್ಯಂತ ಪ್ರಸಿದ್ಧ ವಾಕ್ಯ. ಮತ್ತು ಅದಕ್ಕೆ ಬರೆದವನಿಲ್ಲ. ಜನರು ಕೇಳಿದುದನ್ನು ಕೇಳಿದಂತೆ ಒಯ್ಯುತ್ತಾರೆ. ಮರುದಿನ ಪತ್ರಿಕೆಗಳು ಅಚ್ಚುಹಾಕುತ್ತವೆ. ರೈತರು ಮಳೆಯ ಅರ್ಥವನ್ನೂ, ಪಕ್ಷದವರು ರಾಜ್ಯದ ಅರ್ಥವನ್ನೂ ಹೇಳುತ್ತಾರೆ. ನಾವು ಮಾಡುತ್ತಿರುವುದು ಇಷ್ಟು: ವಿದ್ಯಾರ್ಥಿಗಳನ್ನು ಜಾತ್ರೆಯ ಬಯಲಿನ ಬೇರೆ ಬೇರೆ ಕಡೆಗಳಲ್ಲಿ ನಿಲ್ಲಿಸಿ, ಕಾರ್ಣಿಕವಾದ ಕೂಡಲೇ, ಯಾರನ್ನೂ ವಿಚಾರಿಸದೆ, ತಮ್ಮ ಕಿವಿಗೆ ಬಿದ್ದುದನ್ನು ಚೀಟಿಯಲ್ಲಿ ಬರೆಯಿಸುವುದು, ನಿಂತ ಸ್ಥಳವನ್ನೂ ವೇಳೆಯನ್ನೂ ಅದರ ಮೇಲೆಯೇ ಗುರುತಿಸುವುದು, ಅನಂತರ ಅಕ್ಕಪಕ್ಕದ ಹಿರಿಯರು ಏನನ್ನು ಕೇಳಿದರೆಂದು ಬೇರೆ ಚೀಟಿಯಲ್ಲಿ ಬರೆದುಕೊಳ್ಳುವುದು. ಚೀಟಿಗಳಲ್ಲಿ ಪದಗಳು ಒಂದೇ ಆಗಿರುವುದಿಲ್ಲ. ಬಿಲ್ಲಿನ ಸಮೀಪದಲ್ಲಿದ್ದವರದು ಒಂದು ಪಾಠ, ಎತ್ತಿನ ಬಂಡಿಗಳ ಸಾಲಿನಲ್ಲಿದ್ದವರದು ಇನ್ನೊಂದು.

ಕಳೆದ ಜಾತ್ರೆಯ ಚೀಟಿಗಳನ್ನು ತಂದಿಟ್ಟ ಹುಡುಗಿಯೊಬ್ಬಳು, ಸರಿಯಾದ ಪಾಠವು ಯಾವುದೆಂದು ನಿರ್ಣಯಿಸಿ ಉಳಿದುವನ್ನು ಬೇರೆಯಿಡಲೇ ಎಂದು ಕೇಳಿದಳು. ಯಾವುದನ್ನೂ ಬೇರೆಯಿಡದೆ, ಬಯಲಿನಲ್ಲಿ ಯಾರು ಎಲ್ಲಿ ನಿಂತಿದ್ದರೋ ಆ ಕ್ರಮದಲ್ಲಿಯೇ ದಾರದಿಂದ ಪೋಣಿಸಮ್ಮಾ ಎಂದೆನು. ಅವಳು ಜಾತ್ರೆಯ ಬಯಲಿನ ನಕ್ಷೆಯೊಂದನ್ನು ಬರೆದು ಕಟ್ಟಿನ ಮೇಲಿರಿಸಿದ್ದಾಳೆ. ಬರುವ ಭರತ ಹುಣ್ಣಿಮೆಗೆ ಹೊಳೆಯ ಕಡೆಯ ಮೂಲೆಯಲ್ಲಿಯೂ ಇಬ್ಬರನ್ನು ನಿಲ್ಲಿಸಬೇಕೆಂಬುದು ಅವಳ ಸಲಹೆ, ಅಲ್ಲಿ ಹೆಂಗಸರು ಹೆಚ್ಚಾಗಿ ಕೂಡುತ್ತಾರಂತೆ.